ಜಾಲವಿಳಾಸಗಳ ವರ್ಗೀಕರಣದಲ್ಲಿ ಪದಹೋಲಿಕೆಯ ದೋಷಗಳು: ಆಳಂದ, ಅಫಜಲಪುರ, ಜೇವರ್ಗಿ ಹೆಸರುಗಳ ನಿದರ್ಶನ

ಪ್ರಾದೇಶಿಕ ಅಧ್ಯಯನಗಳಿಗೆ ಅಂತರ್ಜಾಲವು ಇಂದು ಮುಖ್ಯ ಆಕರಗಳಲ್ಲೊಂದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಕುರಿತ ಪುಟಗಳನ್ನು ಸಂಗ್ರಹಿಸುವವರು ಜಾಲವಿಳಾಸಗಳನ್ನು ಪೈಥಾನ್ ಭಾಷೆಯ ಸಣ್ಣ ಪ್ರೋಗ್ರಾಮಿನಿಂದ ವಿಂಗಡಿಸಬಹುದು. ಆದರೆ ಹೋಲಿಕೆ ತಪ್ಪಿದಾಗ ಪ್ರೋಗ್ರಾಂ ನಿಲ್ಲುವುದಿಲ್ಲ. ತಪ್ಪು ಪಟ್ಟಿಯನ್ನೇ ನೀಡುತ್ತದೆ. ಅದನ್ನು ಆಧರಿಸಿದ ತೀರ್ಮಾನವೂ ದೋಷಪೂರ್ಣವಾಗುತ್ತದೆ. ಇಂತಹ ದೋಷಗಳ ಮೂಲವನ್ನೂ ಪರಿಹಾರವನ್ನೂ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ರೋಮನ್ ಲಿಪಿಯ ತೊಡಕು. ಆಳಂದವನ್ನು ಸೂಚಿಸುವ ಎ, ಎಲ್, ಎ, ಎನ್, ಡಿ ಎಂಬ ಐದು ಅಕ್ಷರಗಳು ನ್ಯೂಜಿಲೆಂಡ್ ಎಂಬುದರ ರೋಮನ್ ಬರಹದೊಳಗೂ ಇದೇ ಕ್ರಮದಲ್ಲಿವೆ. ಆದುದರಿಂದ ಆ ದೇಶದ ಪುಟಗಳೂ ಆಳಂದದ ವರ್ಗಕ್ಕೆ ಸೇರುತ್ತವೆ. ವಿಳಾಸವನ್ನು ಓರೆಗೆರೆ, ಅಡ್ಡಗೆರೆ, ಚುಕ್ಕೆಗಳಲ್ಲಿ ತುಂಡರಿಸಿ, ಇಡೀ ತುಂಡನ್ನೇ ಹೋಲಿಸಬೇಕು.

ಎರಡನೆಯದು ಸಂಕೇತೀಕರಣ. ಕನ್ನಡ ವಿಕಿಪೀಡಿಯದ ವಿಳಾಸಗಳಲ್ಲಿ ಶೀರ್ಷಿಕೆ ಕನ್ನಡದಲ್ಲಿಯೇ ಇದ್ದರೂ ನಕಲು ಮಾಡಿದಾಗ ಅದು ಶೇಕಡಾ ಚಿಹ್ನೆಗಳ ಸಾಲಾಗಬಹುದು. 'ಆಳಂದ' ಪದದಲ್ಲಿ 4 ಯೂನಿಕೋಡ್ ಸಂಕೇತಗಳಿವೆ. ಯುಟಿಎಫ್-8ರಲ್ಲಿ ಅವು 12 ಬೈಟುಗಳು, ವಿಳಾಸದಲ್ಲಿ 36 ಚಿಹ್ನೆಗಳು. ಹೋಲಿಕೆಗೆ ಮುನ್ನ 'ಅನ್‌ಕೋಟ್' ಫಂಕ್ಷನ್ನಿನಿಂದ ಇದನ್ನು ಮೂಲರೂಪಕ್ಕೆ ತರಬೇಕು.

ಮೂರನೆಯದು ಒಂದೇ ಹೆಸರಿನ ಭಿನ್ನ ರೂಪಗಳು. 'ಜೇ' ಎಂಬಲ್ಲಿನ ಏತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ 'ಜೇವರ್ಗಿ'ಯೇ. ಗಣಕಕ್ಕೆ ಒಂದು 7 ಸಂಕೇತಗಳ ಪದ, ಇನ್ನೊಂದು 8ರದು. ಎನ್‌ಎಫ್‌ಸಿ ಸಾಮಾನ್ಯೀಕರಣ ಇವನ್ನು ಒಂದುಗೂಡಿಸುತ್ತದೆ. 'ಅಫ್ಜಲ್‌ಪುರ' ಎಂದು ಬರೆದಾಗ ನಡುವೆ ಬರುವ ಅಗೋಚರ ವಿಭಜಕವನ್ನು ಅದು ತೆಗೆಯದು, ಪ್ರತ್ಯೇಕವಾಗಿ ತೆಗೆಯಬೇಕು. 'ಜೇವರಗಿ', 'ಅಫಜಲಪುರ' ಮುಂತಾದ ಬರಹಭೇದಗಳನ್ನು ಪಟ್ಟಿಯಲ್ಲಿಯೇ ಕೊಡಬೇಕು.

ನಾಲ್ಕನೆಯದು ಅತ್ಯಂತ ಸೂಕ್ಷ್ಮವಾದುದು. ಪೈಥಾನಿನ 'ಆರ್‌ಇ' ಮಾಡ್ಯೂಲ್ ಅನುಸ್ವಾರವನ್ನೂ ಸ್ವರಚಿಹ್ನೆಗಳನ್ನೂ ಪದದ ಭಾಗವೆಂದು ಪರಿಗಣಿಸುವುದಿಲ್ಲ. ಆದ್ದರಿಂದ 'ಆಳ' ಎಂಬ ಪೂರ್ಣಪದವನ್ನು ಹುಡುಕಿದರೆ ಅದು 'ಆಳಂದ'ದಲ್ಲಿಯೂ ದೊರೆಯುತ್ತದೆ. ಅತ್ತ 'ಆಳಂದ'ವನ್ನು ಪೂರ್ಣಪದವಾಗಿ ಹುಡುಕಿದರೆ 'ಆಳಂದದಲ್ಲಿ' ಕೈತಪ್ಪುತ್ತದೆ. ಮೊದಲ ತೊಡಕಿಗೆ ಈ ಚಿಹ್ನೆಗಳನ್ನು ಪದದೊಳಗೇ ಎಣಿಸುವ 'ರೆಜೆಕ್ಸ್' ಎಂಬ ಪ್ರತ್ಯೇಕ ಮಾಡ್ಯೂಲ್ ಪರಿಹಾರ. ಎರಡನೆಯದಕ್ಕೆ ವ್ಯಾಕರಣವೇ ದಾರಿ: ಪ್ರಕೃತಿಯ ಆದಿಯನ್ನು ಬಿಗಿಯಾಗಿ ನಿಗದಿಪಡಿಸಿ, ಅಂತ್ಯದಲ್ಲಿ ವಿಭಕ್ತಿ ಪ್ರತ್ಯಯಗಳಿಗೆ ಅವಕಾಶ ಕೊಡಬೇಕು.

ಈ ತಿದ್ದುಪಡಿಗಳ ಕ್ರಮವೂ ಮುಖ್ಯ: ಮೊದಲು ತುಂಡರಿಕೆ, ಅನಂತರ ಸಂಕೇತ ಬಿಡಿಸುವಿಕೆ, ಸಾಮಾನ್ಯೀಕರಣ, ಕೊನೆಗೆ ಹೋಲಿಕೆ. ಜೊತೆಗೆ ಸೇರಬೇಕಾದ ಮತ್ತು ಸೇರಬಾರದ ಕೆಲವು ವಿಳಾಸಗಳ ಪರೀಕ್ಷಾಪಟ್ಟಿಯೊಂದನ್ನು ಇರಿಸಿಕೊಂಡು, ಪ್ರತಿ ತಿದ್ದುಪಡಿಯ ಬಳಿಕವೂ ಪ್ರೋಗ್ರಾಮನ್ನು ಅದರ ಮೇಲೆ ನಡೆಸಿ ನೋಡಬೇಕು. 'ಇತರೆ' ವರ್ಗದಲ್ಲಿ ಉಳಿದುದನ್ನು ಕಣ್ಣಾರೆ ಓದುವುದೂ ಅಗತ್ಯ. ಕಳೆದುಹೋದ ಆಳಂದ ಇರುವುದು ಅಲ್ಲಿಯೇ.

ಹೀಗೆ, ಪದ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬ ಪ್ರಶ್ನೆಯನ್ನು ಕನ್ನಡದ ಮಟ್ಟಿಗೆ ಗಣಕದ ರೂಢಿಗೆ ಬಿಟ್ಟುಕೊಡಲಾಗದು. ಅದನ್ನು ನಿರ್ಧರಿಸುವ ಹೊಣೆ ಭಾಷೆಯನ್ನು ಬಲ್ಲ ಸಂಶೋಧಕರದು.