ಅಲೆಯೂ ಅಂಕಿಯೂ

ನಿಸರ್ಗದಲ್ಲಿ ಧ್ವನಿಯಾಗಲಿ ತಾಪವಾಗಲಿ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ, ಅಖಂಡವಾಗಿ ಹರಿಯುತ್ತದೆ. ಗಣಕವಾದರೋ ಸೊನ್ನೆ, ಒಂದು ಎಂಬೆರಡನ್ನೇ ಬಲ್ಲದು. ಇವೆರಡನ್ನೂ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಕೂಡಿಸುವುದೇ ಮಿಶ್ರಸಂಕೇತ ವಿದ್ಯುನ್ಮಂಡಲಗಳ ರಚನಾವಿದ್ಯೆ. ವ್ಯಾಕರಣ ಕಲಿತ ನನಗೆ ಇದು ಸಂಧಿಕಾರ್ಯದಂತೆಯೇ ತೋರುತ್ತದೆ, ಇಲ್ಲಿಯೂ ಲೋಪವುಂಟು. ಒಂದು ವೋಲ್ಟನ್ನು ಎಂಟು ಬಿಟ್ಟುಗಳಲ್ಲಿ ಅಳೆದರೆ ದೊರೆಯುವವು 256 ಮೆಟ್ಟಿಲುಗಳು. ಒಂದೊಂದೂ ಸುಮಾರು 3.9 ಮಿಲಿವೋಲ್ಟು. ಅದಕ್ಕಿಂತ ಸೂಕ್ಷ್ಮವಾದುದು ಅಳತೆಗೆ ಸಿಗದು.

ಮೊಬೈಲಿನ ಆಂಟೆನಾಕ್ಕೆ ದೊರೆಯುವ ಸಂಕೇತವೋ ಹಲವೊಮ್ಮೆ ಕೆಲವೇ ಮೈಕ್ರೋವೋಲ್ಟುಗಳು. ಆದುದರಿಂದ ಮೊದಲು ಅದನ್ನು ವರ್ಧಿಸಬೇಕು. ಮೊದಲ ವರ್ಧಕವೇ ಗದ್ದಲ ಬೆರೆಸಿದರೆ ಮುಂದಿನವು ಆ ಗದ್ದಲವನ್ನೂ ಹಿಗ್ಗಿಸುತ್ತವೆ. ಇದರ ಲೆಕ್ಕವನ್ನು ಹೆರಾಲ್ಡ್ ಫ್ರೀಸ್ 1944ರಲ್ಲಿ ತೋರಿಸಿಕೊಟ್ಟರು.

ಕೃತಕ ಬುದ್ಧಿಮತ್ತೆಯ ವಿಷಯ ಇನ್ನೂ ಸ್ವಾರಸ್ಯಕರ. ಅದರ ಬಹುಪಾಲು ಕೆಲಸ ಗುಣಾಕಾರ ಮತ್ತು ಸಂಕಲನ. ತಕ್ಕ ವಾಹಕತ್ವವುಳ್ಳ ಸ್ಮೃತಿಕೋಶಕ್ಕೆ ವೋಲ್ಟೇಜು ಕೊಟ್ಟರೆ, ಓಮ್‌ನ ನಿಯಮದಂತೆ ಹರಿಯುವ ಪ್ರವಾಹವೇ ಗುಣಲಬ್ಧ. ಹಲವು ಪ್ರವಾಹಗಳು ಒಂದು ತಂತಿಯಲ್ಲಿ ಕೂಡಿದರೆ ಕಿರ್ಖಾಫ್‌ನ ನಿಯಮದಂತೆ ಅದೇ ಮೊತ್ತ. ಅಂಕಿಗಳನ್ನು ಸ್ಮೃತಿಯಿಂದ ಹೊತ್ತು ತರುವ ಶ್ರಮವೇ ಇಲ್ಲ! ಆದರೆ ತಾಪ ಏರಿದರೆ ವಾಹಕತ್ವ ಬದಲಾಗಿ ಉತ್ತರವೂ ತುಸು ಜರುಗುತ್ತದೆ. ಫಲವನ್ನು ಮರಳಿ ಅಂಕಿಗಿಳಿಸುವ ಪರಿವರ್ತಕವಂತೂ ಉಳಿಸಿದ ಶಕ್ತಿಯಲ್ಲಿ ದೊಡ್ಡ ಪಾಲನ್ನೇ ನುಂಗಬಲ್ಲದು. ರಚನಾಕಾರರ ಇಂದಿನ ಹೆಣಗಾಟವೆಲ್ಲ ಬಹುಮಟ್ಟಿಗೆ ಆ ಪರಿವರ್ತಕದ ಬಳಿಯೇ.