ಅಫಿಲಿಯೇಟ್ ಜಾಲವೋ, ನೇರ ಒಪ್ಪಂದವೋ? ಹೊಸದಾಗಿ ಆರಂಭಿಸುವವರಿಗೆ ಕೆಲವು ವಿಚಾರಗಳು

ವ್ಯಾಪಾರಸ್ಥರಾದ ನಮಗೆ ದಲಾಲಿ ಎಂಬುದು ಹೊಸ ವಿಷಯವೇನಲ್ಲ. ಕೃಷಿ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಮಾಲು ತೂಕವಾಗಿ, ಹರಾಜಾಗಿ, ಹಣ ವಸೂಲಾಗುವವರೆಗೆ ನಡುವೆ ನಿಲ್ಲುವವನಿಗೆ ಒಂದು ಪಾಲು ಸಲ್ಲುತ್ತದೆ. ಅವನನ್ನು ಬಿಟ್ಟು ನೇರವಾಗಿ ಮಾರಿದರೆ ಆ ಪಾಲು ಉಳಿಯುತ್ತದೆ. ಆದರೆ ವಸೂಲಿಯ ಹೊಣೆ ನಮ್ಮ ಹೆಗಲಿಗೆ ಬರುತ್ತದೆ. ಅಂತರ್ಜಾಲದಲ್ಲಿ ಇತರರ ಸರಕಿಗೆ ಗ್ರಾಹಕರನ್ನು ಕಳುಹಿಸಿ ಕಮಿಷನ್ ಗಳಿಸುವ ಅಫಿಲಿಯೇಟ್ ವ್ಯವಹಾರದಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ.

ಈ ಪದ್ಧತಿಗೆ ಮೂರು ದಶಕಗಳ ಇತಿಹಾಸವಿದೆ. ಅಮೆಜಾನ್ ಸಂಸ್ಥೆಯು 1996ರಲ್ಲಿ ತನ್ನ ಅಸೋಸಿಯೇಟ್ಸ್ ಕಾರ್ಯಕ್ರಮವನ್ನು ಆರಂಭಿಸಿತು. ಅನೇಕ ಜಾಹೀರಾತುದಾರರನ್ನೂ ಅನೇಕ ಜಾಲತಾಣಗಳನ್ನೂ ಒಂದೆಡೆ ಸೇರಿಸುವ ಮಧ್ಯವರ್ತಿ ಜಾಲಗಳು ಅದೇ ಕಾಲದಲ್ಲಿ ಹುಟ್ಟಿಕೊಂಡವು. ಲಿಂಕ್‌ಶೇರ್ 1996ರಲ್ಲಿಯೂ ಕಮಿಷನ್ ಜಂಕ್ಷನ್ 1998ರಲ್ಲಿಯೂ ಸ್ಥಾಪನೆಯಾದವು. ಭಾರತದಲ್ಲಿಯೂ ವಿಕಮಿಷನ್, ಕ್ಯೂಲಿಂಕ್ಸ್ ಮೊದಲಾದ ಜಾಲಗಳಿವೆ.

ಎರಡು ಮಾರ್ಗಗಳ ಸ್ವರೂಪ

ಜಾಲದ ಸದಸ್ಯನಾದವನಿಗೆ ಒಂದೇ ಖಾತೆಯಿಂದ ಹಲವು ಜಾಹೀರಾತುದಾರರ ಕೊಂಡಿಗಳು ದೊರೆಯುತ್ತವೆ. ಯಾವ ಗ್ರಾಹಕ ಯಾರ ಮೂಲಕ ಬಂದನೆಂಬ ಲೆಕ್ಕವನ್ನು ಜಾಲವೇ ಇಡುತ್ತದೆ. ಎಲ್ಲರಿಂದ ಬರಬೇಕಾದ ಹಣವನ್ನು ಒಟ್ಟುಗೂಡಿಸಿ ಪಾವತಿ ಮಾಡುತ್ತದೆ. ಇದಕ್ಕಾಗಿ ಜಾಲವು ಸಾಮಾನ್ಯವಾಗಿ ಜಾಹೀರಾತುದಾರನಿಂದ ಕಮಿಷನ್ನಿನ ಮೇಲೆ ಮತ್ತೊಂದು ಶುಲ್ಕವನ್ನು ಪಡೆಯುತ್ತದೆ. ನೇರ ಒಪ್ಪಂದದಲ್ಲಿ ಈ ಶುಲ್ಕವಿಲ್ಲ; ಅದಕ್ಕೆ ಪ್ರತಿಯಾಗಿ ಸಿಗುತ್ತಿದ್ದ ಸೇವೆಯೂ ಇಲ್ಲ.

ಒಂದು ಎಚ್ಚರಿಕೆ ಅಗತ್ಯ. ದೊಡ್ಡ ಕಂಪನಿಯೊಂದರ ಕಾರ್ಯಕ್ರಮಕ್ಕೆ ನೇರವಾಗಿ ಸೇರುವುದು, ಷರತ್ತುಗಳನ್ನು ಚರ್ಚಿಸಿ ಒಪ್ಪಂದ ಮಾಡಿಕೊಳ್ಳುವುದು ಎರಡೂ ಒಂದಲ್ಲ. ಮೊದಲನೆಯದರಲ್ಲಿ ದರವನ್ನು ಕಂಪನಿಯೇ ನಿಗದಿಪಡಿಸುತ್ತದೆ. ಅಮೆರಿಕದಲ್ಲಿ ಅಮೆಜಾನ್ 2020ರ ಏಪ್ರಿಲ್‌ನಲ್ಲಿ ಪೀಠೋಪಕರಣಗಳ ಮೇಲಿನ ಕಮಿಷನ್ನನ್ನು ಶೇ. 8ರಿಂದ ಶೇ. 3ಕ್ಕೆ ಇಳಿಸಿತು. ಅದೊಂದನ್ನೇ ನೆಚ್ಚಿಕೊಂಡಿದ್ದವರ ಆದಾಯ ಅರ್ಧಕ್ಕಿಂತ ಕೆಳಗೆ ಬಿತ್ತು. ಈ ಲೇಖನದಲ್ಲಿ ನೇರ ಒಪ್ಪಂದವೆಂದರೆ ಎರಡನೆಯ ಬಗೆಯದು.

ಒಂದು ಲೆಕ್ಕ

ಹುಬ್ಬಳ್ಳಿಯಲ್ಲಿ ಹೊಲಿಗೆ ಯಂತ್ರಗಳ ಬಿಡಿಭಾಗ ಮಾರುವ ಒಬ್ಬ ವ್ಯಾಪಾರಿಯನ್ನು ಊಹಿಸಿಕೊಳ್ಳೋಣ. ಯಂತ್ರಗಳ ದುರಸ್ತಿಯ ಬಗ್ಗೆ ಆತನ ಜಾಲತಾಣದಲ್ಲಿ ಉಪಯುಕ್ತ ಮಾಹಿತಿಯಿದೆ. ಹೊಸ ಯಂತ್ರಗಳನ್ನು ಆತ ದಾಸ್ತಾನಿಡುವುದಿಲ್ಲ. ಅದನ್ನು ಬಯಸುವವರನ್ನು ತಯಾರಕರೊಬ್ಬರ ಪುಟಕ್ಕೆ ಕಳುಹಿಸುತ್ತಾನೆ. ಯಂತ್ರದ ಬೆಲೆ ರೂ. 8,000, ಕಮಿಷನ್ ಶೇ. 10, ತಿಂಗಳಿಗೆ 20 ಯಂತ್ರಗಳ ಮಾರಾಟ ಎಂದಿಟ್ಟುಕೊಳ್ಳೋಣ.

ಜಾಲದ ಮೂಲಕವಾದರೆ ಒಂದು ಯಂತ್ರಕ್ಕೆ ರೂ. 800 ಈತನಿಗೆ ದೊರೆಯುತ್ತದೆ. ಜಾಲದ ಶುಲ್ಕ ಕಮಿಷನ್ನಿನ ಶೇ. 20 ಎಂದಾದರೆ ತಯಾರಕನು ಮತ್ತೆ ರೂ. 160 ತೆರಬೇಕು, ಅವನ ಒಟ್ಟು ಖರ್ಚು ರೂ. 960. ನೇರ ಒಪ್ಪಂದದಲ್ಲಿ ಆ ರೂ. 160ನ್ನು ಇಬ್ಬರೂ ಸಮನಾಗಿ ಹಂಚಿಕೊಂಡರೆ ಈತನಿಗೆ ರೂ. 880 ಬರುತ್ತದೆ. ಅಂದರೆ ತಿಂಗಳಿಗೆ ರೂ. 1,600 ಹೆಚ್ಚುವರಿ ಲಾಭ.

ಇನ್ನು ಮತ್ತೊಂದು ಮಗ್ಗುಲು. ತಯಾರಕನು ಒಂದೇ ಒಂದು ತಿಂಗಳ ಬಿಲ್ಲನ್ನು ಕೊಡದೆ ಹೋದರೆ ನಷ್ಟ ರೂ. 17,600. ಇದು 11 ತಿಂಗಳ ಹೆಚ್ಚುವರಿ ಲಾಭಕ್ಕೆ ಸಮ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಂತಹ ಸಂದರ್ಭಕ್ಕೇ ಹೇಳಿದಂತಿದೆ. ಜಾಲದ ಶುಲ್ಕವು ಲೆಕ್ಕ ಮತ್ತು ವಸೂಲಿಗೆ ತೆರುವ ಬೆಲೆ. ಆ ಎರಡನ್ನೂ ಸ್ವತಃ ನಿರ್ವಹಿಸುವ ಶಕ್ತಿ ಬರುವವರೆಗೆ ಅದನ್ನು ಉಳಿಸಲು ಹೊರಡುವುದು ಜಾಣತನವಲ್ಲ.

ಜಾಲದ ಮಿತಿಗಳು

ಜಾಲಕ್ಕೆ ಸೇರಿದೊಡನೆ ಹಣಕ್ಕೆ ಖಾತರಿ ಸಿಕ್ಕಿತೆಂದು ಭಾವಿಸಬಾರದು. ಸರಕು ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಕಮಿಷನ್ ಬಾಕಿಯೆಂದೇ ದಾಖಲಾಗಿರುತ್ತದೆ. ಸರಕು ಹಿಂದಿರುಗಿದರೆ ರದ್ದಾಗುತ್ತದೆ. ಅನೇಕ ಜಾಲಗಳು ಜಾಹೀರಾತುದಾರನಿಂದ ಹಣ ಬಂದ ಮೇಲೆಯೇ ಪಾವತಿ ಮಾಡುತ್ತವೆ. ಕೆಲವು ಜಾಲಗಳು ಮುಂಗಡ ಠೇವಣಿಯನ್ನು ಇರಿಸಿಕೊಳ್ಳುತ್ತವೆ. ಆದ್ದರಿಂದ ಸೇರುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಠೇವಣಿಯ ನಿಯಮವಿದೆಯೇ? ಕನಿಷ್ಠ ಪಾವತಿಯ ಮೊತ್ತವೆಷ್ಟು? ಪಾವತಿಗೆ ಎಷ್ಟು ದಿನ? ಕೊಂಡಿಯನ್ನು ಒತ್ತಿದ ಗ್ರಾಹಕ ಎಷ್ಟು ದಿನದೊಳಗೆ ಕೊಂಡರೆ ಕಮಿಷನ್ ಸಲ್ಲುತ್ತದೆ? ದುಬಾರಿ ಯಂತ್ರವನ್ನು ಯಾರೂ ಒಂದೇ ದಿನದಲ್ಲಿ ನಿರ್ಧರಿಸಿ ಕೊಳ್ಳುವುದಿಲ್ಲವಾದ್ದರಿಂದ ಕೊನೆಯ ಪ್ರಶ್ನೆ ಮುಖ್ಯವಾದುದು.

ನೇರ ಒಪ್ಪಂದಕ್ಕೆ ಯಾವಾಗ ಸಿದ್ಧರಾಗಬಹುದು?

ಕನಿಷ್ಠ ಆರು ತಿಂಗಳ ಮಾರಾಟದ ದಾಖಲೆ ಕೈಯಲ್ಲಿರಬೇಕು. ಎಷ್ಟು ಜನರನ್ನು ಕಳುಹಿಸಿದೆ, ಎಷ್ಟು ಮಂದಿ ಕೊಂಡರು, ಎಷ್ಟು ಸರಕು ಹಿಂದಿರುಗಿತು ಎಂಬ ಅಂಕಿಗಳಿದ್ದರೆ ಮಾತ್ರ ಜಾಹೀರಾತುದಾರನ ಮುಂದೆ ಸಮಾನವಾಗಿ ಕುಳಿತು ದರ ಮಾತನಾಡಲು ಸಾಧ್ಯ. ಎಲ್ಲರನ್ನೂ ಒಮ್ಮೆಲೇ ಬದಲಿಸದೆ, ಸಕಾಲದಲ್ಲಿ ಹಣ ಕೊಟ್ಟ ಒಬ್ಬರಿಂದಲೇ ಆರಂಭಿಸುವುದು ಕ್ಷೇಮ. ಜಾಲದ ಮೂಲಕ ಪರಿಚಯವಾದ ಜಾಹೀರಾತುದಾರರೊಡನೆ ನಿರ್ದಿಷ್ಟ ಕಾಲ ನೇರ ವ್ಯವಹಾರ ಮಾಡಬಾರದೆಂಬ ಷರತ್ತು ಕೆಲವು ಒಪ್ಪಂದಗಳಲ್ಲಿರುತ್ತದೆ; ಅದನ್ನು ಮೊದಲು ಓದಿ ನೋಡಬೇಕು.

ಒಪ್ಪಂದ ಲಿಖಿತವಾಗಿರಲಿ. ದರ, ಗಣನೆಯ ವಿಧಾನ, ಹಿಂದಿರುಗಿದ ಸರಕಿನ ನಿಯಮ, ಪಾವತಿಯ ದಿನಾಂಕ, ರದ್ದತಿಯ ಸೂಚನಾ ಅವಧಿ ಇವಿಷ್ಟೂ ಅದರಲ್ಲಿರಬೇಕು. ಮಾರಾಟದ ಎಣಿಕೆಯನ್ನು ಜಾಹೀರಾತುದಾರನೊಬ್ಬನೇ ಇಡುವ ಬದಲು, ನಿಮ್ಮ ಹೆಸರಿನ ಪ್ರತ್ಯೇಕ ರಿಯಾಯಿತಿ ಸಂಕೇತವನ್ನು ಪಡೆದರೆ ತಾಳೆ ನೋಡುವುದು ಸುಲಭವಾಗುತ್ತದೆ.

ಕಾನೂನಿನ ಅಂಶಗಳು

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ 2006ರಂತೆ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಳ್ಳುಗನು ಲಿಖಿತ ಒಪ್ಪಂದವಿದ್ದರೂ 45 ದಿನಗಳಿಗಿಂತ ಹೆಚ್ಚು ಕಾಲ ಹಣ ತಡೆಯುವಂತಿಲ್ಲ. ಆದರೆ ವ್ಯಾಪಾರಿಗಳನ್ನು 2021ರಲ್ಲಿ ಉದ್ಯಮ್ ನೋಂದಣಿಗೆ ಸೇರಿಸಿದ್ದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ. ಆದ್ದರಿಂದ ಜಾಹೀರಾತು ಸೇವೆಯನ್ನು ಸೇವಾ ಚಟುವಟಿಕೆಯಾಗಿ ನೋಂದಾಯಿಸುವ ಬಗ್ಗೆ ಸಲಹೆ ಪಡೆಯುವುದು ಒಳಿತು.

ಕಮಿಷನ್ ಮೇಲೆ ಮೂಲದಲ್ಲಿಯೇ ಕಡಿತವಾಗುವ ಆದಾಯ ತೆರಿಗೆಯ ದರವು 2024ರ ಅಕ್ಟೋಬರ್ 1ರಿಂದ ಶೇ. 5ರಿಂದ ಶೇ. 2ಕ್ಕೆ ಇಳಿಯಿತು, ವಾರ್ಷಿಕ ಮಿತಿಯು 2025ರ ಏಪ್ರಿಲ್ 1ರಿಂದ ರೂ. 20,000ಕ್ಕೆ ಏರಿತು. ಜಿ.ಎಸ್.ಟಿ. ನೋಂದಣಿಯಿರುವ ವ್ಯಾಪಾರಿಯು ಈ ಕಮಿಷನ್ನನ್ನೂ ಸೇವೆಯೆಂದು ಲೆಕ್ಕಕ್ಕೆ ತರಬೇಕು. ಕಮಿಷನ್ ಪಡೆಯುವ ಸಂಗತಿಯನ್ನು ಓದುಗನಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬುದು ದಾರಿತಪ್ಪಿಸುವ ಜಾಹೀರಾತುಗಳ ತಡೆಗಾಗಿ 2022ರಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿಯ ಆಶಯ.

ತಯಾರಕರಿಗೆ ಒಂದು ಮಾತು

ನಮ್ಮ ಸದಸ್ಯರಲ್ಲಿ ಕೆಲವರು ನಾಳೆ ಜಾಹೀರಾತುದಾರರ ಸ್ಥಾನದಲ್ಲಿಯೂ ನಿಲ್ಲಬಹುದು. ಅವರಿಗೆ ತಕ್ಕಡಿಯ ಇನ್ನೊಂದು ತಟ್ಟೆ ಕಾಣುತ್ತದೆ. ನಾಲ್ಕಾರು ಪಾಲುದಾರರಷ್ಟೇ ಇದ್ದರೆ ನೇರ ಒಪ್ಪಂದ ಅಗ್ಗ. ನೂರಾರು ಜನರ ಲೆಕ್ಕ ನೋಡಬೇಕಾದಾಗ ಜಾಲದ ಶುಲ್ಕ ಹೊರೆಯೆನಿಸುವುದಿಲ್ಲ. ಹೇಳಿದ ದಿನಕ್ಕೆ ಹಣ ಕೊಡುವ ತಯಾರಕನನ್ನು ಒಳ್ಳೆಯ ಪಾಲುದಾರರು ತಾವಾಗಿ ಹುಡುಕಿಕೊಂಡು ಬರುತ್ತಾರೆ.

ಆದ್ದರಿಂದ ಹೊಸಬರು ಜಾಲದಿಂದ ಆರಂಭಿಸಿ, ಪ್ರತಿ ತಿಂಗಳ ಲೆಕ್ಕವನ್ನು ತಮ್ಮದೇ ಪುಸ್ತಕದಲ್ಲಿ ಬರೆದಿಡಲಿ. ಯಾರು ಎಷ್ಟು ದಿನಕ್ಕೆ ಹಣ ಕೊಟ್ಟರೆಂಬುದನ್ನು ಆ ಪುಸ್ತಕ ಹೇಳುತ್ತದೆ. ನೇರ ಒಪ್ಪಂದಕ್ಕೆ ಯಾರನ್ನು ಕರೆಯಬೇಕೆಂಬುದನ್ನೂ ಅದೇ ತೋರಿಸಿಕೊಡುತ್ತದೆ.