ಹಲ್ಲಿನ ಚಿಕಿತ್ಸೆಯ ಖರ್ಚು: ಸರ್ಕಾರಿ ಆಸ್ಪತ್ರೆಯೋ, ಖಾಸಗಿ ದವಾಖಾನೆಯೋ?



ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ದರ, ಮೈಲುತುತ್ತಿನ ದಾಸ್ತಾನು, ಸಾಲದ ಕಂತು ಇವುಗಳನ್ನು ವಿಚಾರಿಸಿದ ಮೇಲೆ ಮನೆಯ ಕಷ್ಟಸುಖವನ್ನೂ ಮಾತನಾಡುವುದು ವಾಡಿಕೆ. ಅದರಲ್ಲಿ ಪದೇ ಪದೇ ಬರುವ ಒಂದು ಪ್ರಶ್ನೆ ಹಲ್ಲಿನದು. ತಾಲ್ಲೂಕು ಆಸ್ಪತ್ರೆಗೆ ಹೋದರೆ ಹೆಚ್ಚು ಖರ್ಚಿಲ್ಲ, ಆದರೆ ದಿನವೆಲ್ಲ ಹೋಗುತ್ತದೆ. ಪೇಟೆಯ ಖಾಸಗಿ ಡಾಕ್ಟರಲ್ಲಿ ಹೋದರೆ ಬೇಗ ಆಗುತ್ತದೆ, ಆದರೆ ಒಂದು ಹಲ್ಲಿಗೆ ಒಂದು ಚೀಲ ಗೊಬ್ಬರದ ಬೆಲೆಯ ಎಷ್ಟೋ ಪಾಲು ಕೇಳುತ್ತಾರೆ. ಯಾವುದು ಲಾಭ? ತೋಟದ ಲೆಕ್ಕ ಬರೆಯುವಂತೆಯೇ ಈ ಲೆಕ್ಕವನ್ನೂ ಒಮ್ಮೆ ಬರೆದು ನೋಡೋಣ.

ಹುಳುಕು ಬೆಳೆಯುವ ಬಗೆ

ಲೆಕ್ಕಕ್ಕೆ ಮೊದಲು ರೋಗದ ನಡೆಯನ್ನು ತಿಳಿಯಬೇಕು. ಹಲ್ಲಿನ ಹೊರಪದರವಾದ ಎನಾಮಲ್‌ಗೆ ನರವಿಲ್ಲ. ಆದುದರಿಂದ ಹುಳುಕು ಅಲ್ಲಿರುವ ತನಕ ನೋವೇ ಇರುವುದಿಲ್ಲ. ಅದರ ಕೆಳಗಿನ ಪದರವನ್ನು ಮುಟ್ಟಿದಾಗ ತಣ್ಣೀರು, ಸಿಹಿ ತಾಗಿದರೆ ಜುಮ್ಮೆನ್ನುತ್ತದೆ. ಇನ್ನೂ ಒಳಗೆ, ನರ ಮತ್ತು ರಕ್ತನಾಳಗಳಿರುವ ತಿರುಳನ್ನು ಹೊಕ್ಕಾಗ ರಾತ್ರಿ ನಿದ್ದೆ ಬಾರದಂತಹ ನೋವು. ಕೆಲವು ದಿನಗಳಲ್ಲಿ ಈ ನೋವು ತಾನಾಗಿ ನಿಲ್ಲುವುದುಂಟು. ನಾವು ಗುಣವಾಯಿತೆಂದು ಸಂತೋಷಪಡುತ್ತೇವೆ. ನಿಜವಾಗಿ ಆಗ ಒಳಗಿನ ನರ ಸತ್ತಿರುತ್ತದೆ. ಮುಂದೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ.

ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ನೆನೆಯಿರಿ. ಮೊದಮೊದಲು ಗಿಡ ಹಸಿರಾಗಿಯೇ ಇರುತ್ತದೆ. ಕಾಂಡದ ಮೇಲೆ ಏಣು ಎದ್ದು ಎಲೆ ಬಾಡುವ ಹೊತ್ತಿಗೆ ಹುಳ ಒಳಗೆಲ್ಲ ಸುರಂಗ ಕೊರೆದಿರುತ್ತದೆ. ಹಲ್ಲಿನ ವಿಷಯವೂ ಹಾಗೆಯೇ. ನೋವು ರೋಗದ ಆರಂಭವಲ್ಲ, ಬಹುಪಾಲು ಅದರ ಕೊನೆಯ ಅಧ್ಯಾಯ.

ಮೊದಲ ಹಂತದಲ್ಲಿ ಸಿಮೆಂಟು ತುಂಬಿದರೆ ಸಾಕು. ತಿರುಳಿಗೆ ತಲಪಿದ ಮೇಲೆ ಬೇರಿನ ನಾಳವನ್ನು ಶುದ್ಧಮಾಡಿ ತುಂಬುವ ರೂಟ್ ಕೆನಾಲ್ ಚಿಕಿತ್ಸೆ ಬೇಕು. ದವಡೆ ಹಲ್ಲಾದರೆ ಸಾಮಾನ್ಯವಾಗಿ ಮೇಲೊಂದು ಕ್ಯಾಪು ಸಹ. ಅದೂ ಮೀರಿದರೆ ಕೀಳುವುದೊಂದೇ ದಾರಿ.

ನಮಗಿರುವ ಮೂರು ದಾರಿಗಳು

ಒಂದನೆಯದು ಸರ್ಕಾರಿ ಆಸ್ಪತ್ರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತವೈದ್ಯರು ಇರುವುದಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇರುತ್ತಾರೆ. ಪರೀಕ್ಷೆ, ಹಲ್ಲು ಕೀಳುವುದು, ಸ್ವಚ್ಛಗೊಳಿಸುವುದು, ಸಿಮೆಂಟು ತುಂಬುವುದು ಇವು ಅಲ್ಲಿ ಉಚಿತವಾಗಿ ಅಥವಾ ಅಲ್ಪ ಶುಲ್ಕಕ್ಕೆ ದೊರೆಯುತ್ತವೆ. ಆದರೆ ಕ್ಯಾಪು, ಸೇತುವೆ ಹಲ್ಲು ಮುಂತಾದವು ಪ್ರಯೋಗಶಾಲೆಯಲ್ಲಿ ತಯಾರಾಗಬೇಕಾದುದರಿಂದ ಅಲ್ಲಿ ಸಿಗುವುದು ಅಪರೂಪ.

ಎರಡನೆಯದು ಖಾಸಗಿ ದವಾಖಾನೆ. ಅಲ್ಲಿ ನಮ್ಮ ಹಣ ಡಾಕ್ಟರ ಜೇಬಿಗೇ ಹೋಗುತ್ತದೆಂದು ತಿಳಿಯಬಾರದು. ಕುರ್ಚಿ, ಎಕ್ಸ್‌ರೇ, ಉಪಕರಣ ಶುದ್ಧಮಾಡುವ ಯಂತ್ರ, ಕಟ್ಟಡದ ಬಾಡಿಗೆ, ಸಹಾಯಕರ ಸಂಬಳ, ಪ್ರಯೋಗಶಾಲೆಯ ಬಿಲ್ಲು ಎಲ್ಲವೂ ಅದರಲ್ಲಿ ಸೇರಿವೆ. ಜ್ವರಕ್ಕೆ ಮದ್ದು ಬರೆದುಕೊಡುವ ಡಾಕ್ಟರು ಒಂದು ಗಂಟೆಯಲ್ಲಿ ಹಲವರನ್ನು ನೋಡಬಲ್ಲರು. ರೂಟ್ ಕೆನಾಲ್ ಮಾಡುವವರು ಒಬ್ಬರ ಬಾಯಿಯ ಮುಂದೆಯೇ ಬಹಳ ಹೊತ್ತು ಕೂರಬೇಕು. ಹಲ್ಲಿನ ಚಿಕಿತ್ಸೆ ಮದ್ದಿನ ಕೆಲಸಕ್ಕಿಂತ ಹೆಚ್ಚಾಗಿ ಕೈಕೆಲಸ. ಅದಕ್ಕೇ ಅದು ದುಬಾರಿ.

ಮೂರನೆಯ ದಾರಿಯನ್ನು ನಮ್ಮಲ್ಲಿ ಅನೇಕರು ಮರೆಯುತ್ತಾರೆ. ಅದು ದಂತ ಕಾಲೇಜು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿಯೂ ಮಣಿಪಾಲದ ಕಾಲೇಜು 1965ರಲ್ಲಿಯೂ ಆರಂಭವಾದವು. ಈಗ ಶಿವಮೊಗ್ಗ, ಹಾಸನ, ದಾವಣಗೆರೆ, ಮಂಗಳೂರು, ಸುಳ್ಯ, ವಿರಾಜಪೇಟೆ ಹೀಗೆ ಮಲೆನಾಡಿನ ಸುತ್ತಲೂ ದಂತ ಕಾಲೇಜುಗಳಿವೆ. ವಿದ್ಯಾರ್ಥಿಗಳು ಕಲಿಯಲು ರೋಗಿಗಳು ಬೇಕಾದುದರಿಂದ ಖಾಸಗಿ ಕಾಲೇಜಿನಲ್ಲಿಯೂ ದರ ಸಾಮಾನ್ಯವಾಗಿ ಪೇಟೆಗಿಂತ ಕಡಿಮೆ. ಕೆಲಸ ಮಾಡುವವರು ವಿದ್ಯಾರ್ಥಿಗಳಾದರೂ ಅಧ್ಯಾಪಕರು ಹಂತ ಹಂತವಾಗಿ ಪರೀಕ್ಷಿಸುತ್ತಾರೆ. ತೊಂದರೆಯೆಂದರೆ ನಿಧಾನ, ಮತ್ತು ಹಲವು ಸಲ ಓಡಾಟ.

ಲೆಕ್ಕದ ಹಾಳೆ

ಈಗ ಲೆಕ್ಕ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿ ನೀವೇ ತಿದ್ದಿಕೊಳ್ಳಬೇಕು. ಕೆಲಸ ತಪ್ಪಿದ್ದು, ಬಸ್ಸು, ಊಟ ಸೇರಿ ತಾಲ್ಲೂಕಿಗೆ ಒಂದು ಪೂರ್ತಿ ದಿನದ ಖರ್ಚು 800 ರೂ., ಅರ್ಧ ದಿನಕ್ಕೆ 400 ರೂ., ದೂರದ ಕಾಲೇಜಿಗೆ ಒಂದು ದಿನಕ್ಕೆ 1,000 ರೂ. ಎಂದಿಟ್ಟುಕೊಳ್ಳೋಣ.

ಹುಳುಕು ಮೊದಲ ಹಂತದಲ್ಲಿದ್ದು ಸಿಮೆಂಟು ತುಂಬಿಸಿದರೆ:
ತಾಲ್ಲೂಕು ಆಸ್ಪತ್ರೆಯಲ್ಲಿ ಶುಲ್ಕ 100, ಒಂದು ದಿನ 800. ಒಟ್ಟು 900 ರೂ.
ಖಾಸಗಿಯಲ್ಲಿ ಶುಲ್ಕ 1,000, ಅರ್ಧ ದಿನ 400. ಒಟ್ಟು 1,400 ರೂ.

ತಡಮಾಡಿ ರೂಟ್ ಕೆನಾಲ್ ಮತ್ತು ಕ್ಯಾಪು ಬೇಕಾದರೆ:
ಕಾಲೇಜಿನಲ್ಲಿ ಶುಲ್ಕ 3,000, ಐದು ಸಲದ ಓಡಾಟ 5,000. ಒಟ್ಟು 8,000 ರೂ.
ಖಾಸಗಿಯಲ್ಲಿ ರೂಟ್ ಕೆನಾಲ್ 4,000, ಕ್ಯಾಪು 4,000, ಮೂರು ಅರ್ಧ ದಿನ 1,200. ಒಟ್ಟು 9,200 ರೂ.

ಈ ಹಾಳೆಯನ್ನು ಎರಡು ರೀತಿಯಲ್ಲಿ ಓದಬಹುದು. ಒಂದೇ ಹಂತದಲ್ಲಿ ಎರಡು ಕಡೆಯ ದರ ಹೋಲಿಸಿದರೆ ವ್ಯತ್ಯಾಸ ಮೊದಲನೆಯದರಲ್ಲಿ 500, ಎರಡನೆಯದರಲ್ಲಿ 1,200 ರೂ. ಆದರೆ ಅದೇ ಖಾಸಗಿ ಡಾಕ್ಟರಲ್ಲಿ ಬೇಗ ಹೋದವನಿಗೂ ತಡವಾಗಿ ಹೋದವನಿಗೂ ಇರುವ ವ್ಯತ್ಯಾಸ 7,800 ರೂ. ಅಂದರೆ ಎಲ್ಲಿಗೆ ಹೋದೆವು ಎಂಬುದಕ್ಕಿಂತ ಯಾವಾಗ ಹೋದೆವು ಎಂಬುದೇ ನಮ್ಮ ಖರ್ಚನ್ನು ನಿರ್ಧರಿಸುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯಬಾರದೆಂದು ಹಿರಿಯರು ಹೇಳಿದ್ದು ಇದನ್ನೇ.

‘ಕಿತ್ತುಬಿಟ್ಟರೆ ಎಲ್ಲಕ್ಕಿಂತ ಅಗ್ಗವಲ್ಲವೇ?’ ಎಂದು ಕೆಲವರು ಕೇಳಬಹುದು. ಆ ದಿನದ ಮಟ್ಟಿಗೆ ಹೌದು. ಆದರೆ ಕಿತ್ತ ಜಾಗ ಖಾಲಿ ಬಿಟ್ಟರೆ ಪಕ್ಕದ ಹಲ್ಲು ಅತ್ತ ವಾಲುತ್ತದೆ, ಎದುರಿನ ಹಲ್ಲು ಆ ಸಂದಿಗೆ ಇಳಿಯುತ್ತದೆ, ಅಗಿಯುವ ಭಾರವೆಲ್ಲ ಇನ್ನೊಂದು ಬದಿಗೆ ಬೀಳುತ್ತದೆ. ಮುಂದೆ ಮೂರು ಹಲ್ಲಿನ ಸೇತುವೆ ಕಟ್ಟಿಸಹೋದರೆ ಮೇಲಿನ ದರದಲ್ಲೇ 12,000 ರೂ. ಆಗುತ್ತದೆ. ಉಳಿಸಲು ಬಾರದ ಹಲ್ಲನ್ನು ಕೀಳಿಸಲೇಬೇಕು. ಉಳಿಯುವ ಹಲ್ಲನ್ನು ಅಗ್ಗವೆಂದು ಕೀಳಿಸುವುದು ಫಸಲು ಕೊಡುವ ಅಡಿಕೆ ಮರವನ್ನು ಸೌದೆಗೆ ಕಡಿದಂತೆ.

ಸರ್ಕಾರವೇ ಎಲ್ಲವನ್ನೂ ಏಕೆ ಕೊಡುವುದಿಲ್ಲ?

ಇದು ನಮ್ಮ ದೇಶವೊಂದರ ಸಮಸ್ಯೆಯಲ್ಲ. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಹಲ್ಲಿನ ಚಿಕಿತ್ಸೆಯೂ ಎಲ್ಲರಿಗೂ ಉಚಿತವಾಗಿತ್ತು. ವರ್ಷಗಟ್ಟಲೆ ಹಣವಿಲ್ಲದೆ ಸಹಿಸಿಕೊಂಡಿದ್ದ ಜನ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಮುಗಿಬಿದ್ದರು. ಖರ್ಚು ಅಂದಾಜು ಮೀರಿತು. 1951ರಲ್ಲಿ ಆ ಎರಡಕ್ಕೂ ಶುಲ್ಕ ವಿಧಿಸಲು ಸರ್ಕಾರ ನಿರ್ಧರಿಸಿದಾಗ, ಆ ಸೇವೆಯನ್ನು ಕಟ್ಟಿದ್ದ ಅನ್ಯೂರಿನ್ ಬೆವನ್ ಮಂತ್ರಿಪದವಿಗೇ ರಾಜೀನಾಮೆ ಕೊಟ್ಟರು. ಮರುವರ್ಷ ಸಾಮಾನ್ಯ ಹಲ್ಲಿನ ಚಿಕಿತ್ಸೆಗೂ ಶುಲ್ಕ ಬಂದಿತು. ಅಷ್ಟು ಅನುಕೂಲವುಳ್ಳ ದೇಶಕ್ಕೇ ಭಾರವಾದದ್ದು ನಮ್ಮ ಸರ್ಕಾರಕ್ಕೆ ಹಗುರವಾದೀತೆಂದು ಕಾಯುತ್ತ ಕೂರುವುದು ಸರಿಯಲ್ಲ.

ಹಾಗೆಂದು ಇರುವ ಸೌಲಭ್ಯವನ್ನು ಬಿಡಲೂಬಾರದು. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ನಮ್ಮ ರಾಜ್ಯದಲ್ಲಿ 2014-15ರಲ್ಲಿ ದಂತಭಾಗ್ಯ ಯೋಜನೆ ಆರಂಭವಾಯಿತು. ಇದರ ಈಗಿನ ನಿಯಮಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಸಹಕಾರಿಗಳಾದ ನಮಗೆ ಪರಿಚಿತವಾದ ಯಶಸ್ವಿನಿ, ಹಾಗೂ 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ, ಇವೆರಡೂ ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಮಾಡಿಸುವ ದೊಡ್ಡ ಚಿಕಿತ್ಸೆಗಳಿಗೆ ಇರುವಂಥವು. ಸಿಮೆಂಟು, ರೂಟ್ ಕೆನಾಲ್ ಮುಂತಾದ ಹೊರರೋಗಿ ಚಿಕಿತ್ಸೆ ಅವುಗಳಲ್ಲಿ ಸಿಗುತ್ತದೆಂದು ನಂಬಿ ಹೋಗಬೇಡಿ, ಮೊದಲೇ ಕೇಳಿಕೊಳ್ಳಿ.

ಖಾಸಗಿಗೆ ಹೋಗುವವರು ಕೇಳಬೇಕಾದ ಮಾತುಗಳು

1. ಈ ಹಲ್ಲು ಉಳಿಯುತ್ತದೆಯೇ? ಉಳಿಸಲು ಏನೇನು ಮಾಡಬೇಕು, ಎಷ್ಟು ಸಲ ಬರಬೇಕು?
2. ಎಕ್ಸ್‌ರೇ, ಕ್ಯಾಪು ಎಲ್ಲ ಸೇರಿ ಒಟ್ಟು ಎಷ್ಟು? ಇದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.
3. ಕ್ಯಾಪಿನಲ್ಲಿ ಲೋಹದ್ದು, ಪಿಂಗಾಣಿ ಹೊದೆಸಿದ್ದು, ಜಿರ್ಕೋನಿಯಾ ಎಂದು ಬಗೆಗಳಿವೆ. ದರವೂ ಬೇರೆ ಬೇರೆ. ಹೊರಗೆ ಕಾಣದ ಹಿಂದಿನ ದವಡೆ ಹಲ್ಲಿಗೆ ಅತಿ ದುಬಾರಿಯದು ಅಗತ್ಯವೇ?
4. ಹಣವನ್ನು ಹಂತ ಹಂತವಾಗಿ ಕೊಡಬಹುದೇ? ರಸೀದಿ ಕೊಡುತ್ತೀರಾ?

ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಪ್ರಕಾರ ದವಾಖಾನೆ ನೋಂದಣಿಯಾಗಿರಬೇಕು, ದರಪಟ್ಟಿ ಕಾಣುವಂತಿರಬೇಕು. ಕೇಳುವುದರಲ್ಲಿ ಸಂಕೋಚವೇನೂ ಬೇಡ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದಯದ ಮಾತ್ರೆ ಇದ್ದರೆ ಮಾತ್ರ ನೀವಾಗಿಯೇ ಮೊದಲು ಹೇಳಬೇಕು. ಸಂತೆಯ ದಿನ ರಸ್ತೆ ಬದಿಯಲ್ಲಿ ಹಲ್ಲು ಕಟ್ಟುವವರ ಬಳಿ ಹೋಗಲೇಬಾರದು. ಪಕ್ಕದ ಒಳ್ಳೆಯ ಹಲ್ಲುಗಳಿಗೆ ಅಂಟಿಸಿ ಕೂರಿಸುವ ಆ ಹಲ್ಲು, ಆ ಒಳ್ಳೆಯ ಹಲ್ಲುಗಳನ್ನೂ ಕೆಡಿಸಿಬಿಡುತ್ತದೆ.

ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಈ ಯಾವ ಲೆಕ್ಕವೂ ಬೇಡ. ಹತ್ತಿರದ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಹೊರಡಬೇಕು. ಕೀವು ಕುತ್ತಿಗೆಗೆ ಇಳಿದರೆ ಪ್ರಾಣಾಪಾಯವುಂಟು.

ಅಡಿಕೆ ಬೆಳೆಗಾರರೇ ಹೇಳಬೇಕಾದ ಮಾತು

ಈ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಕೆಲವರಿಗೆ ರುಚಿಸದಿರಬಹುದು. ಅಡಿಕೆ ನಮ್ಮ ಅನ್ನ. ಆದರೆ ನಮ್ಮ ಬಾಯಿಯೂ ನಮ್ಮದೇ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪು ಸೇರಿದ ಎಲೆಯಡಿಕೆಯನ್ನು 1985ರಲ್ಲಿಯೂ, ಹೊಗೆಸೊಪ್ಪಿಲ್ಲದ ಎಲೆಯಡಿಕೆ ಹಾಗೂ ಅಡಿಕೆಯನ್ನು 2004ರಲ್ಲಿ ಪ್ರಕಟವಾದ ವರದಿಯಲ್ಲಿಯೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಈ ವರ್ಗೀಕರಣದ ಬಗ್ಗೆ ಬೆಳೆಗಾರರಲ್ಲಿ ಚರ್ಚೆ ನಡೆದೇ ಇದೆ. ಚರ್ಚೆ ನಡೆಯಲಿ; ಪರೀಕ್ಷೆ ನಿಲ್ಲಬಾರದು.

ಖಾರ ತಾಗಿದರೆ ಬಾಯಿಯೆಲ್ಲ ಉರಿಯುವುದು, ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯುವುದು, ಬಾಯಿ ತೆರೆಯುವ ಅಳತೆ ಕಡಿಮೆಯಾಗುವುದು, ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇವು ಕಂಡರೆ ತಡಮಾಡಬಾರದು. ನಿಮ್ಮದೇ ಮೂರು ಬೆರಳು ನೆಟ್ಟಗೆ ನಿಲ್ಲಿಸಿದರೆ ಬಾಯಿಯೊಳಗೆ ಹಿಡಿಸುತ್ತವೆಯೇ ನೋಡಿ. ಮೂವತ್ತು ದಾಟಿದವರಿಗೆ ಬಾಯಿ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲಿ ಸೇರಿದೆ, ಅದಕ್ಕೆ ಹಣವಿಲ್ಲ. ಇಲ್ಲಿಯೂ ಅದೇ ಲೆಕ್ಕ: ಬೇಗ ಹೋದವನಿಗೆ ಒಂದು ಬಸ್ಸಿನ ಖರ್ಚು; ತಡವಾಗಿ ಹೋದವನ ಮನೆಯವರಿಗೆ ತೋಟವೇ ಅಡವು.

ನಾವು ಮಾಡಬಹುದಾದದ್ದು

ಮಳೆಗಾಲದಲ್ಲಿ ನಮ್ಮ ಕೈ ಖಾಲಿ, ದಾರಿಯೂ ಕಷ್ಟ. ಆದುದರಿಂದ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸಿರುವ ಮಾರ್ಚ್-ಏಪ್ರಿಲ್ ತಿಂಗಳಲ್ಲೇ, ನೋವಿರಲಿ ಇಲ್ಲದಿರಲಿ, ಮನೆಮಂದಿಯೆಲ್ಲ ಒಮ್ಮೆ ಹಲ್ಲು ತೋರಿಸುವ ಪದ್ಧತಿ ಇಟ್ಟುಕೊಳ್ಳಬೇಕು. ಕೊಳೆರೋಗಕ್ಕೆ ಕಾಯಿ ಉದುರಿದ ಮೇಲೆ ಬೋರ್ಡೋ ಕಲಸುವವರಿದ್ದಾರೆಯೇ? ಈ ತಪಾಸಣೆಗೆ ತಾಲ್ಲೂಕು ಆಸ್ಪತ್ರೆ ಧಾರಾಳ ಸಾಕು. ಸಣ್ಣ ಹುಳುಕನ್ನು ಅಲ್ಲೇ ತುಂಬಿಸಿರಿ. ರೂಟ್ ಕೆನಾಲ್ ಬೇಕಾದರೆ, ಬಿಡುವಿದ್ದವರು ಕಾಲೇಜಿಗೆ, ಕೆಲಸ ಬಿಡಲಾಗದವರು ಖಾಸಗಿಗೆ ಹೋಗಲಿ. ಬೆಳಿಗ್ಗೆ ಮತ್ತು ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜುವುದಕ್ಕಿಂತ ಅಗ್ಗದ ಚಿಕಿತ್ಸೆ ಬೇರಿಲ್ಲ.

ತೋಟದ ಆಳುಗಳನ್ನೂ ಮರೆಯಬಾರದು. ದಿನಗೂಲಿಯವರಿಗೆ ಉಚಿತ ಆಸ್ಪತ್ರೆಯೂ ಉಚಿತವಲ್ಲ. ಅಂದಿನ ಕೂಲಿಯೇ ಅದರ ಶುಲ್ಕ. ವರ್ಷಕ್ಕೊಂದು ದಿನ ಕೂಲಿ ಕಡಿಯದೆ ಅವರನ್ನು ಕಳುಹಿಸಿಕೊಟ್ಟರೆ ನಮಗೇನೂ ಬಡತನ ಬಾರದು.

ದಂತ ಕಾಲೇಜುಗಳ ಸಮುದಾಯ ದಂತವೈದ್ಯ ವಿಭಾಗದವರು ಕರೆದರೆ ಹಳ್ಳಿಗಳಿಗೆ ಬಂದು ತಪಾಸಣಾ ಶಿಬಿರ ನಡೆಸುವುದುಂಟು. ಜನ ಎಷ್ಟು ಸೇರುತ್ತಾರೆಂದು ಅವರು ಮೊದಲು ಕೇಳುತ್ತಾರೆ. ಆದುದರಿಂದ ಆಸಕ್ತ ಸದಸ್ಯರು ಮನೆಮಂದಿ ಹಾಗೂ ಆಳುಗಳ ಸಂಖ್ಯೆ ಸಹಿತ ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರಿಕೆ. ಸಾಕಷ್ಟು ಹೆಸರು ಬಂದರೆ ವಿಷಯವನ್ನು ಆಡಳಿತ ಮಂಡಳಿಯ ಮುಂದಿಡಲಾಗುವುದು.

ಕಾರ್ಯದರ್ಶಿ